ಕಾಸರಗೋಡು ಕಡೆಯ ಸಾಹಸದಾಟದ ರೆಸಾರ್ಟಿಗೆ ಮನೆಮಂದಿಯೊಂದಿಗೆ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಕುಂಬಳೆಗೂ ಬದಿಯಡ್ಕಕ್ಕೂ ನಡುವೆ. ಇಂಥದ್ದೇ ಒಂದು ರೆಸಾರ್ಟಿನಲ್ಲಿ ಮೂರು ಬೇಸಗೆ ಹಗ್ಗ, ಮೈಗೆ ಕಟ್ಟುವ ಬೆಲ್ಟು, ಹೆಲ್ಮೆಟ್ಟುಗಳ ಉಸ್ತುವಾರಿ ನೋಡಿಕೊಂಡಿದ್ದೆ. ಕೆಲಸ ಬಿಟ್ಟೆ, ಫೋನು ಬಿಡಲಿಲ್ಲ. ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಪುತ್ತೂರಿನಿಂದ, ಮೈಸೂರಿನಿಂದ, ಬೆಂಗಳೂರಿನಿಂದ ನೆಂಟರು, ನೆಂಟರ ನೆಂಟರು ಕರೆ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅದೇ ಇಪ್ಪತ್ತು ಪ್ರಶ್ನೆ. ಅವರು ಕೇಳಿದ ಮಾತಿನಲ್ಲೇ ಬರೆದಿಟ್ಟಿದ್ದೇನೆ.

## ಹೊರಡುವ ಮೊದಲು

ಇಡೀ ದಿನ ಅಲ್ಲಿ ಮಾಡ್ಲಿಕ್ಕೆ ಎಂತ ಉಂಟು?

ಮರದಿಂದ ಮರಕ್ಕೆ ಕಟ್ಟಿದ ಹಗ್ಗದ ಸೇತುವೆ, ತಂತಿಯಲ್ಲಿ ಜಾರುವ ಜಿಪ್‌ಲೈನ್, ಹಿನ್ನೀರಿನಲ್ಲಿ ಕಯಾಕು ಎಂಬ ಸಪೂರ ದೋಣಿ, ಬಿಲ್ಲುಬಾಣ, ಕೆಸರಿನ ಗುಂಡಿ, ಈಜುಕೊಳ, ಮಧ್ಯಾಹ್ನದ ಊಟ. ಎಲ್ಲ ಕಡೆಯೂ ಸುಮಾರಾಗಿ ಇಷ್ಟೇ. ಬೆಳಗ್ಗೆ ಒಂಬತ್ತೂವರೆಗೆ ಒಳಗೆ ಬಿಡುತ್ತಾರೆ, ಸಂಜೆ ಐದಕ್ಕೆ ಚಹಾ ಕೊಟ್ಟು ಕಳಿಸುತ್ತಾರೆ. ಲೆಕ್ಕ ಹಾಕಿದರೆ ನಿಜವಾಗಿ ಹಗ್ಗದ ಮೇಲೋ ದೋಣಿಯಲ್ಲೋ ಇರುವುದು ಎರಡು ಗಂಟೆ. ಮಿಕ್ಕದ್ದು ಸರದಿ ಕಾಯುವುದು, ನೀರಲ್ಲಿ ಬಿದ್ದುಕೊಂಡಿರುವುದು, ತಿನ್ನುವುದು. ಇದನ್ನು ಮೋಸ ಅಂದುಕೊಂಡವರು ಮುಖ ಸಿಂಡರಿಸಿಕೊಂಡು ಹಿಂದಿರುಗುತ್ತಾರೆ. ಮಕ್ಕಳಿಗೆ ಮಾತ್ರ ಕೊನೆಗೆ ನೆನಪಿರುವುದು ಕಾಯುವಾಗ ಮರದ ಬುಡದಲ್ಲಿ ಹೆಕ್ಕಿದ ಮಂಜೊಟ್ಟಿ ಕಾಯಿ.

ಯಾವ ತಿಂಗಳಲ್ಲಿ ಬಂದ್ರೆ ಒಳ್ಳೇದು?

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಆಗ ಬೆಳಗ್ಗೆ ಹತ್ತರವರೆಗೂ ಸಣ್ಣ ತಂಪು ಇರುತ್ತದೆ, ಗುಡ್ಡೆಯ ಮುಳಿಹುಲ್ಲು ಆಗಷ್ಟೇ ಒಣಗಲು ಶುರುವಾಗಿರುತ್ತದೆ. ಆದರೆ ಹೆಚ್ಚಿನವರು ಬರುವುದು ಮಕ್ಕಳ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲಿ. ಬೇರೆ ದಾರಿಯಿಲ್ಲದಿದ್ದರೆ ಬನ್ನಿ, ಬಿಸಿಲಿಗೆ ತಕ್ಕ ಹಾಗೆ ಗಂಟೆ ಹೊಂದಿಸಿಕೊಳ್ಳಿ: ಮೈ ಬೆವರುವ ಆಟವೆಲ್ಲ ಹನ್ನೊಂದರ ಒಳಗೆ, ಇಲ್ಲವೇ ಮೂರೂವರೆಯ ಮೇಲೆ. ನಡುವೆ ಊಟ, ನೆರಳು, ನಿದ್ದೆ. ನನ್ನ ಅಷ್ಟೂ ಉಪದೇಶದಲ್ಲಿ ಒಂದೇ ಒಂದು ಪಾಲಿಸುತ್ತೀರಿ ಎಂದಾದರೆ ಇದನ್ನು ಪಾಲಿಸಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 3,500 ಮಿಲಿಮೀಟರ್, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟರೆ ಕಡಲ ಬದಿ, ಚಾರಣ ಎಲ್ಲ ಬಂದ್ ಆಗುವುದುಂಟು. ಮುಂಗಡ ಕೊಡುವಾಗಲೇ ಹಾಗಾದರೆ ದುಡ್ಡು ವಾಪಸ್ಸಾ ಅಂತ ಕೇಳಿಟ್ಟುಕೊಳ್ಳಿ. ದಸರಾ ರಜೆಯಲ್ಲಿ ಮಳೆ ಕಡಿಮೆ, ಸಂಜೆ ಗುಡುಗು ಜಾಸ್ತಿ. ಗುಡುಗಿನ ವಿಷಯ ಕೆಳಗೆ ಬೇರೆಯೇ ಇದೆ.

ಬೇಕಲ ಕೋಟೆ, ಅನಂತಪುರ, ರಾಣಿಪುರಂ ಎಲ್ಲ ಅದೇ ದಿನ ಮುಗಿಸ್ಬಹುದಲ್ಲ?

ಬೇಡ ಮಾರಾಯ್ರೆ. ರಾಣಿಪುರಂ ಕಾಞಂಗಾಡಿನಿಂದ ಪೂರ್ವಕ್ಕೆ ಸುಮಾರು 48 ಕಿಲೋಮೀಟರ್, 750 ಮೀಟರ್ ಎತ್ತರದ ಬೆಟ್ಟ. ಹತ್ತಿ ಇಳಿದು ಬರುವುದಕ್ಕೇ ಒಂದು ದಿನ ಬೇಕು. ಅನಂತಪುರದ ಕೆರೆಯ ನಡುವಿನ ದೇವಸ್ಥಾನ ಕುಂಬಳೆಯ ಹತ್ತಿರ, ಬೇಕಲ ಕಾಸರಗೋಡಿನಿಂದ ತೆಂಕಕ್ಕೆ 16 ಕಿಲೋಮೀಟರ್. ರೆಸಾರ್ಟಿನ ದಿನಕ್ಕೆ ಒಂದನ್ನು ಸೇರಿಸಲೇಬೇಕು ಎಂದಿದ್ದರೆ ಬೇಕಲ ಸೇರಿಸಿ, ಅದೂ ಬೆಳಗ್ಗೆ ಬಾಗಿಲು ತೆಗೆಯುತ್ತಿದ್ದಂತೆ. ಸುಮಾರು 40 ಎಕರೆಯ ಕೋಟೆ, ಒಳಗೆ ನೆರಳೆಂಬುದೇ ಇಲ್ಲ, ಮುರಕಲ್ಲು ಹತ್ತು ಗಂಟೆಗೆಲ್ಲ ಕಾದ ಕಾವಲಿ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು ಅಂತ ಮಕ್ಕಳಿಗೆ ಹೇಳಿ. ಶಿವಮೊಗ್ಗದ ಕಡೆಯ ಅರಸ ಇಲ್ಲಿವರೆಗೆ ಬಂದು ಕೋಟೆ ಕಟ್ಟಿದನಾ ಎಂದು ಕಣ್ಣರಳಿಸುತ್ತವೆ.

ಮಂಗಳೂರಿಂದ ಎಷ್ಟು ದೂರ? ರೈಲಲ್ಲಿ ಬರಬಹುದಾ?

ಕಾಸರಗೋಡಿಗೆ 50 ಕಿಲೋಮೀಟರ್. ರೈಲಿನಲ್ಲಿ ಬಂದು ನಿಲ್ದಾಣದಿಂದ ಆಟೋ ಹಿಡಿಯಬಹುದು, ಮಕ್ಕಳಿಗೆ ಅದೇ ಅರ್ಧ ಖುಷಿ. ಆದರೆ ಚಂಡಿ (ಒದ್ದೆ) ಬಟ್ಟೆ, ಬೈರಾಸು, ನಿದ್ದೆ ತೂಗುವ ಮಗು, ಇಷ್ಟನ್ನು ಹೊತ್ತುಕೊಂಡು ಸಂಜೆಯ ಪ್ಯಾಸೆಂಜರ್ ಹತ್ತುವಾಗ ಕಾರು ತರಬೇಕಿತ್ತು ಅನಿಸುತ್ತದೆ.

ನಮಗೆ ಮಲಯಾಳ ಬರುವುದಿಲ್ಲ. ತೊಂದರೆ ಆಗ್ತದಾ?

ಊಟ, ಟಿಕೆಟ್ಟು, ದಾರಿ, ಇವಕ್ಕೆಲ್ಲ ತೊಂದರೆಯಿಲ್ಲ. ಕಾಸರಗೋಡು, ಮಂಜೇಶ್ವರದ ಬದಿಯಲ್ಲಿ ಕನ್ನಡವೋ ತುಳುವೋ ಬಲ್ಲವರು ಒಬ್ಬರಾದರೂ ಸಿಗುತ್ತಾರೆ. ಇದು ಏಳು ಭಾಷೆಗಳ ಊರು. ಬೇಕಲ ದಾಟಿ ತೆಂಕಕ್ಕೆ ಹೋದ ಹಾಗೆ ಕನ್ನಡ ತೆಳುವಾಗುತ್ತಾ ಹೋಗುತ್ತದೆ.

ತೊಂದರೆ ಇರುವುದು ಹಗ್ಗದ ಮೇಲೆ. ಅಲ್ಲಿ ಕೆಳಗೆ ನಿಂತ ಹುಡುಗ ಕೂಗುವುದು ಮಲಯಾಳದಲ್ಲಿ, ಅದೂ ಅವಸರದಲ್ಲಿ. ‘ಪಿಡಿಕ್ಕ್’ ಎಂದರೆ ಹಿಡಿ, ‘ನಿಲ್ಕ್’ ಎಂದರೆ ನಿಲ್ಲು, ‘ಪದುಕ್ಕೆ’ ಎಂದರೆ ಮೆಲ್ಲ, ‘ಮದಿ’ ಎಂದರೆ ಸಾಕು. ಇವು ನಮ್ಮ ಕಿವಿಗೆ ಹೇಗೋ ಹೊಂದಿಕೊಳ್ಳುತ್ತವೆ. ಹೊಂದದ್ದು ಒಂದೇ, ‘ವಿಡಲ್ಲೇ’. ಅವರು ಹೇಳುವುದು ‘ಬಿಡಬೇಡ’ ಎಂದು. ಕನ್ನಡದ ಮಗುವಿಗೆ ಕೇಳಿಸುವುದು ‘ಬಿಡಲೇ?’ ಎಂದು. ಮೈಸೂರಿನ ಒಬ್ಬಳು ಹುಡುಗಿ ಹಗ್ಗದ ಏಣಿಯ ಮೇಲಿಂದ ‘ಹೂಂ, ಬಿಡಿ ಅಂಕಲ್’ ಎಂದು ಉತ್ತರ ಕೊಟ್ಟು, ತನ್ನ ಕೈಯನ್ನೂ ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಬೆಲ್ಟು ಇತ್ತು, ಅರ್ಧ ಅಡಿ ಜಗ್ಗಿ ನಿಂತಳು. ಎಲ್ಲರೂ ನಕ್ಕೆವು, ಆದರೆ ಅವತ್ತಿನಿಂದ ಈ ಐದು ಮಾತುಗಳನ್ನು ಮಕ್ಕಳಿಗೆ ಕಾರಿನಲ್ಲೇ ಬಾಯಿಪಾಠ ಮಾಡಿಸಿ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ.

ಯಾವ ರೆಸಾರ್ಟು ಒಳ್ಳೇದು, ಹೆಸರು ಹೇಳಿ

ಹೇಳುವುದಿಲ್ಲ. ಜಾಗ ಒಳ್ಳೆಯದಾಗುವುದು ಅಲ್ಲಿನ ಹುಡುಗರಿಂದ, ಆ ಹುಡುಗರು ಸೀಸನ್ನಿಗೊಮ್ಮೆ ಬದಲಾಗುತ್ತಾರೆ. ಫೋನು ಮಾಡಿ ಮೂರು ವಿಷಯ ಕೇಳಿ. ಕೇರಳ ಅಡ್ವೆಂಚರ್ ಟೂರಿಸಂ ಪ್ರಮೋಷನ್ ಸೊಸೈಟಿಯ ನೋಂದಣಿ ಇದೆಯಾ? ಜಿಪ್‌ಲೈನಿಗೆ ಕನಿಷ್ಠ, ಗರಿಷ್ಠ ತೂಕ ಎಷ್ಟು? ನಡುವೆ ಯಾರಾದರೂ ಸಿಕ್ಕಿಹಾಕಿಕೊಂಡರೆ ಹೇಗೆ ಇಳಿಸುತ್ತೀರಿ? ಎರಡನೆಯದಕ್ಕೆ ‘ಯಾರು ಬೇಕಾದರೂ ಹೋಗಬಹುದು ಸಾರ್’ ಎಂದು ಉತ್ತರ ಬಂದರೆ ಬೇರೆ ನಂಬರು ಒತ್ತಿ.

## ಹೋದ ದಿನ

ಬಟ್ಟೆ ಎಂತ ಹಾಕುವುದು? ಚಪ್ಪಲಿ ಸಾಕಾ?

ಮೊಣಕಾಲು ಮುಚ್ಚುವ ಸಡಿಲ ಪ್ಯಾಂಟು, ತೋಳಿರುವ ಬನಿಯನ್ನು. ಬೆಲ್ಟಿನ ಪಟ್ಟಿ ತೊಡೆಯ ಸಂದಿಯಲ್ಲಿ ಉಜ್ಜುವುದರಿಂದ ಚಡ್ಡಿ ಹಾಕಿದವರಿಗೆ ಎರಡು ದಿನ ಉರಿ. ಜೀನ್ಸು ಚಂಡಿಯಾದರೆ ಒಂದು ಕಲ್ಲಿನ ತೂಕ. ಹವಾಯಿ ಚಪ್ಪಲಿ ಜಿಪ್‌ಲೈನಿನಿಂದ ಹಾರಿಹೋಗುತ್ತದೆ, ಕೆಸರಲ್ಲಿ ಹೂತುಹೋಗುತ್ತದೆ. ಹಿಂದೆ ಪಟ್ಟಿಯಿರುವ ಚಪ್ಪಲಿಯೋ ಹಳೆಯ ಕ್ಯಾನ್ವಾಸ್ ಶೂ ಆದರೂ ಸರಿ. ಉದ್ದ ಜಡೆಯವರು ಜಡೆ ಕಟ್ಟಿ ಬನಿಯನ್ನಿನ ಒಳಗೆ ಸೇರಿಸಲೇಬೇಕು. ವೇಲು, ದುಪಟ್ಟಾ, ಕುತ್ತಿಗೆಯ ದಾರ ಇವನ್ನೆಲ್ಲ ಬ್ಯಾಗಿನಲ್ಲಿ ಬಿಡಿ, ತಿರುಗುವ ರಾಟೆಗೆ ಸಿಕ್ಕಿದರೆ ಅದು ತಮಾಷೆಯ ಮಾತಲ್ಲ. ಕರಿಮಣಿ ತೆಗೆಯುವುದಿಲ್ಲ ಎನ್ನುವವರು ಬಟ್ಟೆಯೊಳಗೆ ಸೇರಿಸಿ ಪಿನ್ನು ಹಾಕಿಕೊಳ್ಳುತ್ತಾರೆ. ಅಷ್ಟು ಸಾಕು.

ಸೆಕೆಗೆ ಮಕ್ಕಳು ಬಾಡಿ ಹೋಗ್ತಾರೆ. ಬೊಂಡ ಕೊಟ್ಟರೆ ಸಾಕಲ್ಲ?

ಬೊಂಡ, ಅಂದರೆ ಎಳನೀರು, ಒಳ್ಳೆಯದೇ, ಆದರೆ ಅದೊಂದೇ ಸಾಲದು. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅಂದರೆ ಉಪ್ಪು. ಅದಕ್ಕೇ ನಮ್ಮ ಹಿರಿಯರು ಗದ್ದೆಯಿಂದ ಬಂದವರಿಗೆ ಗಂಜಿತಿಳಿಗೆ ಉಪ್ಪು ಹಾಕಿ ಕೊಡುತ್ತಿದ್ದದ್ದು. ಶುಂಠಿ, ಹಸಿಮೆಣಸು ಜಜ್ಜಿದ ಉಪ್ಪು ಮಜ್ಜಿಗೆನೀರೂ ಅದೇ ಕೆಲಸ ಮಾಡುತ್ತದೆ. ಮನೆಯಲ್ಲಿ ಮಾಡಿಕೊಂಡು ಬರುವುದಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮ ಮಾಡಿ. ಉಪ್ಪು ಹೆಚ್ಚಾಗಬಾರದು.

ಘಟ್ಟದ ಮೇಲಿನವರಿಗೆ ಒಂದು ಮಾತು ಅರ್ಥವಾಗುವುದಿಲ್ಲ. ‘ಬಳ್ಳಾರಿಯಲ್ಲಿ ನಲವತ್ತು ಡಿಗ್ರಿ ಕಂಡವರು ನಾವು, ನಿಮ್ಮದು ಮೂವತ್ತಮೂರು, ಅದೇನು ಮಹಾ’ ಎನ್ನುತ್ತಾರೆ. ಅಲ್ಲಿ ಬೆವರು ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಇಲ್ಲಿ ಗಾಳಿಯೇ ನೀರು ಕುಡಿದು ಕೂತಿದೆ, ಬೆವರು ಆರದೆ ಹರಿದು ಕೆಳಗೆ ಬೀಳುತ್ತದೆ, ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಕೆಂಪಗಾಗಿದ್ದ ಮಗು ಬಿಳುಚಿಕೊಂಡರೆ, ಮಾತು ತಡವರಿಸಿದರೆ, ಸುಮ್ಮನೆ ಸಿಡಿಮಿಡಿ ಮಾಡತೊಡಗಿದರೆ ಆಟ ನಿಲ್ಲಿಸಿ. ನೆರಳು, ಚಂಡಿ ಬಟ್ಟೆ, ಬೀಸಣಿಗೆ. ಪ್ರಜ್ಞೆ ತಪ್ಪಿದ ಹಾಗಾದರೆ ಬಾಯಿಗೆ ನೀರು ಹಾಕಲು ಹೋಗಬೇಡಿ, ಮೈಗೆ ನೀರು ಸುರಿಯುತ್ತಾ 108ಕ್ಕೆ ಕರೆ ಮಾಡಿ.

ನಾವು ಪಕ್ಕಾ ಸಸ್ಯಾಹಾರಿಗಳು. ಊಟದ ಗತಿ?

ಸಿಗುತ್ತದೆ, ಹಿಂದಿನ ದಿನವೇ ಹೇಳಿದರೆ. ಕುಚ್ಚಲಕ್ಕಿ ಅನ್ನ, ಸಾಂಬಾರು, ತೋರನ್, ಹಪ್ಪಳ. ಒಂದೇ ಸೌಟು ಮೀನಿನ ಪಾತ್ರೆಗೂ ತಿರುಗಿತಾ ಎಂಬ ಚಿಂತೆ ಇರುವವರು ಬುತ್ತಿ ಕಟ್ಟಿಕೊಂಡು ಬರುವುದೇ ನೆಮ್ಮದಿ, ಹೊರಗಿನ ತಿಂಡಿ ಒಳಗೆ ಬಿಡುತ್ತಾರಾ ಎಂದು ಮೊದಲೇ ಕೇಳಿರಿ. ಮೀನು ತಿನ್ನುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದು ಮಾತ್ರ: ಬಿರಿಯಾನಿ ಉಂಡ ಮೇಲೆ ಒಂದು ಗಂಟೆ ಬೆಲ್ಟು ಕಟ್ಟಬೇಡಿ. ಹೊಟ್ಟೆಯ ಮೇಲೇ ಪಟ್ಟಿ ಬಿಗಿಯುತ್ತದೆ, ಮುಂದಿನದು ನಿಮಗೇ ಬಿಟ್ಟದ್ದು.

ಅಜ್ಜ ಅಜ್ಜಿಯನ್ನು ಕರ್ಕೊಂಡು ಬಂದ್ರೆ ಅವರೆಂತ ಮಾಡುವುದು?

ನಿಮ್ಮ ಚಪ್ಪಲಿ, ಮೊಬೈಲು, ಚಿನ್ನ ಕಾಯುವ ಕೆಲಸ ಮಾತ್ರ ಅವರಿಗೆ ಕೊಡಬೇಡಿ. ನಾನು ಕಂಡಂತೆ ದಿನ ಹಾಳಾಗುವುದು ಅಲ್ಲಿಯೇ. ನಾಲ್ಕು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅಜ್ಜಿಯ ಬೇಸರ ಸಂಜೆ ಕಾರಿನಲ್ಲಿ ಎಲ್ಲರ ಮೇಲೆ ಇಳಿಯುತ್ತದೆ. ಬಿಲ್ಲುಬಾಣ ಹಿಡಿಸಿ, ಹುಟ್ಟು ಹಾಕುವ ಹುಡುಗನಿರುವ ಅಗಲದ ದೋಣಿಯಲ್ಲಿ ಒಂದು ಸುತ್ತು ಕೂರಿಸಿ. ಮನೆಯಿಂದ ಚೆನ್ನೆಮಣೆ ತನ್ನಿ. ಹದಿನಾಲ್ಕು ಗುಳಿ, ಒಂದೊಂದರಲ್ಲಿ ನಾಲ್ಕು ಕಾಯಿ, ಮಧ್ಯಾಹ್ನದ ಬಿಸಿಲು ಇಳಿಯುವುದರೊಳಗೆ ಅಜ್ಜಿ ನಿಮ್ಮನ್ನೆಲ್ಲ ಸೋಲಿಸಿ ಕೂತಿರುತ್ತಾರೆ. ಜಿಪ್‌ಲೈನು ನಾನೂ ಹೋಗುತ್ತೇನೆ ಎಂದು ಎಪ್ಪತ್ತು ದಾಟಿದವರು ಹಟ ಹಿಡಿದದ್ದೂ ಇದೆ. ಹೃದಯ, ರಕ್ತದೊತ್ತಡ, ಬೆನ್ನು, ಎಲುಬಿನ ಸವಕಳಿ ಯಾವುದೂ ಇಲ್ಲದಿದ್ದರೆ ಇಲ್ಲ ಎನ್ನಲು ನಾವು ಯಾರು? ಇಳಿಯುವ ಕಡೆ ಇಬ್ಬರು ಹಿಡಿದುಕೊಳ್ಳಲಿ, ಅಷ್ಟೇ.

ಎಷ್ಟು ವರ್ಷದ ಮಕ್ಕಳನ್ನು ಜಿಪ್‌ಲೈನಿಗೆ ಬಿಡಬಹುದು?

ವರ್ಷ ಕೇಳಬೇಡಿ, ತೂಕ ಕೇಳಿ. ಹಗುರವಾದ ಮಗು ಎದುರುಗಾಳಿಗೆ ನಡುವಲ್ಲೇ ನಿಂತುಬಿಡುತ್ತದೆ, ಭಾರದವರು ಕೊನೆಯಲ್ಲಿ ಜೋರಾಗಿ ಬಂದು ಬಡಿಯುತ್ತಾರೆ. ಆ ತಂತಿಗೆ, ಅದರ ಇಳಿಜಾರಿಗೆ ತಕ್ಕ ತೂಕದ ಮಿತಿ ಬೋರ್ಡಿನಲ್ಲಿ ಬರೆದಿರಬೇಕು. ಸೊಂಟ ಇನ್ನೂ ಸಪೂರ ಇರುವ ಸಣ್ಣ ಮಕ್ಕಳಿಗೆ ಬರೀ ಸೊಂಟದ ಬೆಲ್ಟು ಸಾಲದು, ತಲೆಕೆಳಗಾದರೆ ಜಾರಿಹೋಗಬಹುದು. ಹೆಗಲಿಗೂ ಪಟ್ಟಿಯಿರುವ ಪೂರ್ತಿ ಮೈಯ ಬೆಲ್ಟು ಕೇಳಿ ಪಡೆಯಿರಿ. ಹೆದರಿ ಅಳುವ ಮಗುವನ್ನು ‘ಧೈರ್ಯ ಬರಲಿ’ ಎಂದು ತಳ್ಳುವ ಅಪ್ಪಂದಿರು ಪ್ರತಿ ಭಾನುವಾರವೂ ಒಬ್ಬರಿರುತ್ತಾರೆ. ನಾನು ತಳ್ಳಲು ಬಿಟ್ಟವನಲ್ಲ.

## ನೀರು, ಕೆಸರು, ಹುಳಹುಪ್ಪಟೆ

ಈಜು ಬರುವುದಿಲ್ಲ. ಕಯಾಕಿನಲ್ಲಿ ಕೂರಬಹುದಾ?

ಲೈಫ್ ಜಾಕೆಟ್ ಸರಿಯಾಗಿದ್ದರೆ ಕೂರಬಹುದು. ಸರಿ ಇದೆಯಾ ಎಂದು ನೋಡುವುದು ಸುಲಭ: ಎಲ್ಲ ಬಕಲು ಹಾಕಿದ ಮೇಲೆ ಹೆಗಲಿನ ಎರಡೂ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ಟು ಕಿವಿಯವರೆಗೆ ಏರಿದರೆ ಅದು ನಿಮ್ಮದಲ್ಲ, ಸಣ್ಣದು ಕೇಳಿ. ಮಕ್ಕಳದ್ದಕ್ಕೆ ಕಾಲಸಂದಿಯಿಂದ ಬರುವ ಪಟ್ಟಿ ಇರಬೇಕು. ತೋಳಿಗೆ ಸಿಕ್ಕಿಸುವ ಗಾಳಿಬುರುಡೆ ಆಟದ ಸಾಮಾನು, ಜೀವ ಉಳಿಸುವುದಲ್ಲ.

ದೊಡ್ಡ ದೋಣಿ ಹತ್ತುವಾಗ ತಲೆ ಎಣಿಸಿ, ಜಾಕೆಟ್ಟೂ ಎಣಿಸಿ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ಹೋದರು, ಮಕ್ಕಳೇ ಹೆಚ್ಚು. ದೋಣಿಗೆ ಹಿಡಿಸುವುದಕ್ಕಿಂತ ಹೆಚ್ಚು ಜನ ತುಂಬಿದ್ದರು. ಇನ್ನೊಂದು: ಮುಳುಗುವವರು ಸಿನಿಮಾದಲ್ಲಿಯ ಹಾಗೆ ಕಿರುಚುವುದಿಲ್ಲ, ಉಸಿರಿಗೇ ಪುರುಸೊತ್ತಿರುವುದಿಲ್ಲ, ಸದ್ದಿಲ್ಲದೆ ಕೆಳಗೆ ಹೋಗುತ್ತಾರೆ. ಕೊಳದ ಬದಿ ಎಂಟು ಜನ ದೊಡ್ಡವರಿದ್ದರೆ ಎಲ್ಲರೂ ನೋಡುತ್ತಿದ್ದಾರೆ ಎಂದು ಯಾರೂ ನೋಡುವುದಿಲ್ಲ. ಅರ್ಧರ್ಧ ಗಂಟೆಗೆ ಒಬ್ಬರ ಪಾಳಿ ಮಾಡಿ. ಪಾಳಿಯಲ್ಲಿದ್ದವರ ಕೈಯಲ್ಲಿ ಮೊಬೈಲು ಇರಬಾರದು.

ಹಿನ್ನೀರಲ್ಲಿ ಹೋಗುವಾಗ ಹಗುರ ಇತ್ತು, ಬರುವಾಗ ಕೈ ಸೋತೇ ಹೋಯ್ತು. ಯಾಕೆ?

ನಿಮ್ಮ ರಟ್ಟೆಯ ದೋಷವಲ್ಲ. ವಲಿಯಪರಂಬದ ಹಿನ್ನೀರಾಗಲಿ ಚಂದ್ರಗಿರಿ ಹೊಳೆಯ ಅಳಿವೆಯಾಗಲಿ ಕಡಲಿನ ಉಬ್ಬರ ಇಳಿತಕ್ಕೆ ಉಸಿರಾಡುವ ನೀರು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಒಂದರಿಂದ ಒಂದಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ನಿನ್ನೆ ಹತ್ತಕ್ಕೆ ನೀರು ತುಂಬಿದ್ದರೆ ಇವತ್ತು ತುಂಬುವುದು ಹತ್ತೂ ಐವತ್ತರ ಸುಮಾರಿಗೆ. ಇದರ ಮೇಲೆ ಕಡಲಗಾಳಿ. ಬಿಸಿಲೇರಿ ನೆಲ ಕಾದ ಮೇಲೆ ಪಡುವಣದಿಂದ ಬೀಸತೊಡಗಿ ಮಧ್ಯಾಹ್ನಕ್ಕೆ ಜೋರಾಗುತ್ತದೆ.

ಹಾಗಾಗಿ ಹೊರಡುವಾಗಲೇ ಕಷ್ಟದ ದಿಕ್ಕಿಗೆ ಹೋಗಿ, ಸೋತ ಮೇಲೆ ನೀರೇ ತಂದು ಮುಟ್ಟಿಸಲಿ. ನೀರು ಯಾವ ಕಡೆ ಹೋಗುತ್ತಿದೆ ಎಂದು ತಿಳಿಯದಿದ್ದರೆ ಒಂದು ಗರಿಕೆ ಕಿತ್ತು ಹಾಕಿ ನೋಡಿ. ಇಳಿತದ ಹೊತ್ತಿಗೆ ಅಳಿವೆಯ ಬಾಯಿಯ ಹತ್ತಿರ ಮಾತ್ರ ಸುಳಿಯಲೇಬೇಡಿ, ಹೊಳೆಯೂ ಇಳಿತವೂ ಸೇರಿ ದೋಣಿಯನ್ನು ಕಡಲಿಗೆ ಎಳೆಯುತ್ತವೆ. ಮೀನುಗಾರರೇ ಆಗ ಹುಷಾರು.

ಕೆಸರಿನಾಟ ಆಡಿದ್ರೆ ಇಲಿಜ್ವರ ಬರ್ತದಂತೆ? ಆ ಮೆದುಳು ತಿನ್ನುವ ಅಮೀಬಾ ಕೂಡ?

ಎರಡೂ ಬೇರೆ ಬೇರೆ, ಹೆದರಿಕೆಯ ಪ್ರಮಾಣವೂ ಬೇರೆ.

ಇಲಿಜ್ವರ ಇಲ್ಲಿ ಮಳೆಗಾಲದ ನಿಜವಾದ ಕಾಯಿಲೆ. ಇಲಿ, ದನ, ನಾಯಿಗಳ ಮೂತ್ರ ಬೆರೆತ ನೀರು, ಕೆಸರಿನಿಂದ ಗಾಯದ ಮೂಲಕ ಒಳಗೆ ಹೋಗುತ್ತದೆ. ಕಾಲಲ್ಲಿ ಬಿರುಕು, ತರಚು ಇದ್ದವರು ಕೆಸರಿಗೆ ಇಳಿಯದಿರುವುದೇ ಜಾಣತನ. ಬೇಸಗೆಯಲ್ಲಿ ಹೊಸ ಮಣ್ಣು, ಬಾವಿ ನೀರು ಕಲಸಿ ಮಾಡಿದ ಗುಂಡಿ ಒಂದು ರೀತಿ, ಮಳೆಗಾಲದಲ್ಲಿ ಗದ್ದೆಯ ತೋಡು ಸೇರುವ ಗುಂಡಿ ಇನ್ನೊಂದು ರೀತಿ. ಆಡಿ ಬಂದು ಎರಡು ದಿನದಿಂದ ಒಂದು ತಿಂಗಳ ಒಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಆದರೆ ಡಾಕ್ಟರಿಗೆ ‘ಕೆಸರಲ್ಲಿ ಆಡಿದ್ದೆವು’ ಎಂದು ನೀವೇ ಬಾಯಿಬಿಟ್ಟು ಹೇಳಿ. ಬೆಂಗಳೂರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯದಿರಬಹುದು. ಬೇಗ ಗೊತ್ತಾದರೆ ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗುವ ಕಾಯಿಲೆ.

ಅಮೀಬಾದ್ದು ತೀರ ಅಪರೂಪ, ಬಂದರೆ ಬಲು ಕೆಟ್ಟದ್ದು. ಈಚಿನ ವರ್ಷಗಳಲ್ಲಿ ಕೇರಳದಲ್ಲಿ ಇದರ ಪ್ರಕರಣಗಳು ಸುದ್ದಿಯಾಗುತ್ತಿವೆ. ಬೆಚ್ಚಗಿನ, ನಿಂತ ಸಿಹಿನೀರು ಮೂಗಿನ ಮೂಲಕ ಮೇಲೇರಿದಾಗ ಬರುತ್ತದೆ, ಕುಡಿದರೆ ಬರುವುದಿಲ್ಲ, ಉಪ್ಪುನೀರಿನಲ್ಲಿ ಇರುವುದಿಲ್ಲ. ಕ್ಲೋರಿನ್ ಸರಿಯಾಗಿ ಹಾಕಿದ ಕೊಳ ತೊಂದರೆಯಿಲ್ಲ. ಪಾಚಿಗಟ್ಟಿದ ಕೆರೆಗೆ ತಲೆಕೆಳಗಾಗಿ ಹಾರುವ ಆಟ ಬೇಡ. ಅಂದಹಾಗೆ ಕೊಳದಲ್ಲಿ ಕಣ್ಣು ಉರಿಸುವ ಘಾಟು ಬಂದರೆ ಕ್ಲೋರಿನ್ ಜಾಸ್ತಿ ಎಂದಲ್ಲ. ಬೆವರು, ಮೂತ್ರ ಸೇರಿ ಕ್ಲೋರಿನ್ ಕೆಲಸ ಮುಗಿಸಿದೆ ಎಂದರ್ಥ.

ಇಂಬಳ ಕಚ್ಚಿದ್ರೆ?

ಉಪ್ಪೋ ಸುಣ್ಣವೋ ಸೋಕಿಸಿ, ಇಲ್ಲವೇ ಉಗುರಿನಿಂದ ಅದರ ಬಾಯಿಯ ಬದಿಗೆ ಸರಿಸಿ ಬಿಡಿಸಿ. ಈ ನೆಲದ ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇರುವುದರಿಂದ ಸುಮಾರು ಹೊತ್ತು ಜಿನುಗುತ್ತದೆ. ಗಾಬರಿ ಬೇಡ.

ಹಾವು ಇರ್ತದಾ?

ತೋಟ, ಗುಡ್ಡೆ, ಕಲ್ಲಿನ ಕಟ್ಟೆ ಇರುವಲ್ಲಿ ಹಾವು ಇರದೆ ಇನ್ನೆಲ್ಲಿರುತ್ತದೆ? ಸಂಜೆಯ ಮೇಲೆ ಟಾರ್ಚಿಲ್ಲದೆ ನಡೆಯಬೇಡಿ, ಶೂ ಕೊಡವಿ ಹಾಕಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಮೂರೂ ತಪ್ಪು. ಉಂಗುರ, ಬಳೆ ತೆಗೆದು, ಕೈಕಾಲು ಅಲುಗದಂತೆ ಇಟ್ಟು ಆಂಟಿವೆನಮ್ ಇರುವ ಆಸ್ಪತ್ರೆಗೆ ಒಯ್ಯಿರಿ. ಆ ಆಸ್ಪತ್ರೆ ಯಾವುದು ಎಂಬುದನ್ನು ರೆಸಾರ್ಟಿನವರು ಯೋಚಿಸದೆ ಹೇಳಬೇಕು. ಯೋಚಿಸಿದರೆ ಅವರು ಸಿದ್ಧರಿಲ್ಲ.

## ಇನ್ನೂ ಒಳಗಿನ ವಿಷಯ

ಹಗ್ಗ, ಬೆಲ್ಟು ಸರಿ ಉಂಟಾ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಕಣ್ಣಿಗೆ ಕಾಣುವಷ್ಟು ಧಾರಾಳ ಇದೆ, ನೋಡುವವರಿಲ್ಲ. ಮೊದಲು ಬೆಲ್ಟಿನ ಒಳಬದಿಯ ಚೀಟಿ ನೋಡಿ, ತಯಾರಾದ ವರ್ಷ ಇರುತ್ತದೆ. ಬಳಸದೆ ಇಟ್ಟರೂ ಬಟ್ಟೆಯ ಪಟ್ಟಿಗೆ ಹೆಚ್ಚಿನ ತಯಾರಕರು ಕೊಡುವ ಗರಿಷ್ಠ ಆಯಸ್ಸು 10 ವರ್ಷ. ದಿನಾ ಬಿಸಿಲು, ಬೆವರು, ಉಪ್ಪುಗಾಳಿ ಉಂಡದ್ದಕ್ಕೆ ಅಷ್ಟೂ ಇಲ್ಲ. ಚೀಟಿಯೇ ಕಿತ್ತುಹೋಗಿದ್ದರೆ, ಹೊಲಿಗೆಯ ನೂಲು ಎದ್ದಿದ್ದರೆ, ಬಣ್ಣ ಮಾಸಿ ಪಟ್ಟಿ ಒರಟಾಗಿದ್ದರೆ ಬೇರೆ ಕೇಳಿ.

ಆಮೇಲೆ ಕ್ಯಾರಬೀನರ್, ಅಂದರೆ ಕೊಂಡಿ. ಅದರ ಬೆನ್ನಿನ ಮೇಲೆ ಕಿಲೋನ್ಯೂಟನ್ ಲೆಕ್ಕದಲ್ಲಿ ಸಂಖ್ಯೆ ಕೊರೆದಿರುತ್ತದೆ. ಒಂದು ಕಿಲೋನ್ಯೂಟನ್ ಎಂದರೆ ಸುಮಾರು ನೂರು ಕಿಲೋ ಭಾರ. ಉದ್ದಕ್ಕೆ 20 ಅಥವಾ ಮೇಲೆ ಇರುತ್ತದೆ, ಅಡ್ಡಕ್ಕೆ ಬರೀ 7, 8. ಅಂದರೆ ಕೊಂಡಿ ಅಡ್ಡ ತಿರುಗಿ ನಿಂತರೆ ಬಲ ಮೂರನೇ ಒಂದಾಗುತ್ತದೆ. ಹೊರಡುವ ಮೊದಲು ಅದು ನೆಟ್ಟಗಿದೆಯಾ, ತಿರುಪು ಪೂರ್ತಿ ಮುಚ್ಚಿದೆಯಾ ಎಂದು ನಿಮ್ಮ ಕೈಯಿಂದಲೇ ಒತ್ತಿ ನೋಡಿ. ಹುಡುಗ ‘ನಾನು ನೋಡಿದ್ದೇನೆ’ ಎನ್ನುತ್ತಾನೆ. ಎನ್ನಲಿ. ಬೆಳಗ್ಗಿನಿಂದ ಇನ್ನೂರು ಕೊಂಡಿ ಮುಚ್ಚಿದ ಕೈ ಇನ್ನೂರ ಒಂದನೆಯದನ್ನು ಮರೆಯುವುದು ಹೇಗೆಂದು ನನಗೆ ಗೊತ್ತು, ಮರೆತವನು ನಾನೇ. ಆ ದಿನ ಒಬ್ಬ ತಾಯಿ ಕೈಯಾಡಿಸಿ ಕಂಡುಹಿಡಿದರು.

ಕೊನೆಗೆ ತಂತಿಯ ತುದಿ. ಮರವನ್ನೋ ಕಂಬವನ್ನೋ ಸುತ್ತಿ ಬಂದ ತಂತಿಯನ್ನು ‘ಯು’ ಆಕಾರದ ಬೋಲ್ಟಿನಿಂದ ಬಿಗಿದಿರುತ್ತಾರೆ. ಬೋಲ್ಟಿನ ಕೆಳಗೆ ತಂತಿಯನ್ನು ಹೊರುವ ತಡಿ ಭಾರ ಹೊರುವ ಉದ್ದದ ತಂತಿಯ ಮೇಲೆ ಕೂರಬೇಕು, ಬಾಗಿದ ಕಂಬಿ ಗಿಡ್ಡ ತುದಿಯ ಮೇಲೆ. ತಿರುಗುಮುರುಗಾದರೆ ಬಾಗಿದ ಕಂಬಿ ಭಾರದ ತಂತಿಯನ್ನೇ ಕಚ್ಚಿ ಕೆಡಿಸುತ್ತದೆ. ಕಡಲ ಬದಿಯಲ್ಲಿ ತುಕ್ಕು ಮೊದಲು ಹಿಡಿಯುವುದೂ ಇಲ್ಲೇ. ಕೆಂಪುಪುಡಿ ಉದುರುವ ಬೋಲ್ಟು ಕಂಡರೆ ಫೋಟೋ ತೆಗೆದು ಮ್ಯಾನೇಜರಿಗೆ ತೋರಿಸಿ, ಅವತ್ತು ಜಿಪ್‌ಲೈನು ಬಿಡಿ.

ಜಿಪ್‌ಲೈನಿನ ನಡುವಲ್ಲಿ ಸಿಕ್ಕಿಹಾಕಿಕೊಂಡ್ರೆ ಏನು ಮಾಡುವುದು?

ಸಿಕ್ಕಿಕೊಂಡವರು ಕಾಲು ಆಡಿಸುತ್ತಿರಬೇಕು. ಸುಮ್ಮನೆ ನೇತಾಡಿದರೆ ತೊಡೆಯ ಪಟ್ಟಿ ಒತ್ತಿ ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತದೆ. ಅದಕ್ಕೇ ಇಳಿಸುವುದು ನಿಮಿಷಗಳ ಕೆಲಸವಾಗಬೇಕು.

ನನ್ನ ಅಕ್ಕನ ಮಗಳು ಒಂದು ಮಾರ್ಚಿನಲ್ಲಿ, ನಾನು ಕೆಲಸ ಮಾಡದ ಇನ್ನೊಂದು ಜಾಗದಲ್ಲಿ, ತೋಡಿನ ಮೇಲೆ ಹನ್ನೆರಡು ನಿಮಿಷ ನೇತಾಡಿದಳು. ಎದುರುಗಾಳಿ, ಇಪ್ಪತ್ತೆಂಟು ಕಿಲೋದ ಹುಡುಗಿ. ಸಿಕ್ಕಿಕೊಂಡವರನ್ನು ಎಳೆಯುವ ಹಗ್ಗ ಸ್ಟೋರಿನಲ್ಲಿತ್ತು, ಸ್ಟೋರಿನ ಕೀಲಿಕೈ ಇದ್ದವನು ಊಟಕ್ಕೆ ಹೋಗಿದ್ದ. ನಾನು ಕೆಳಗೆ ನಿಂತು ‘ಸೈಕಲ್ ತುಳಿ, ತುಳೀತಾ ಇರು’ ಎಂದು ಕೂಗುತ್ತಿದ್ದೆ, ಅವಳು ಆಕಾಶದಲ್ಲಿ ಸೈಕಲ್ ತುಳಿಯುತ್ತಿದ್ದಳು. ಆಮೇಲೆ ಅವಳು ಮೊದಲು ಕೇಳಿದ್ದು ಐಸ್‌ಕ್ರೀಮು. ನಾನು ಕೇಳಿದ್ದು ಹಗ್ಗ ಯಾಕೆ ಬೀಗದೊಳಗೆ ಎಂದು. ಉತ್ತರ ಬರಲಿಲ್ಲ. ಈಗ ಎಲ್ಲಿ ಹೋದರೂ ‘ಎಳೆಯುವ ಹಗ್ಗ ಎಲ್ಲಿದೆ, ತೋರಿಸಿ’ ಎನ್ನುತ್ತೇನೆ. ನೀವೂ ಅನ್ನಿ.

ಗುಡುಗು ದೂರ ಇದ್ದರೆ ಆಟ ಮುಂದುವರಿಸಬಹುದಲ್ಲ?

ಗುಡುಗು ಕೇಳಿತೆಂದರೆ ಸಿಡಿಲಿಗೆ ನೀವು ಎಟುಕುವಷ್ಟು ಹತ್ತಿರದಲ್ಲೇ ಇದ್ದೀರಿ. ಮಿಂಚು ಕಂಡು ಸದ್ದು ಬರುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಬಂದರೆ ಹತ್ತು ಕಿಲೋಮೀಟರ್ ಒಳಗಿದೆ. ಉದ್ದದ ಲೋಹದ ತಂತಿ, ಎತ್ತರದ ಮರ, ಬಯಲು ನೀರು, ಮೂರೂ ಒಟ್ಟಿಗಿರುವ ಜಾಗ ನೀವು ಇರುವುದು. ಮರದ ಮೇಲಿನ ಅಟ್ಟಣಿಗೆ, ಸೋಗೆಯ ಗುಡಿಸಲು ಆಸರೆಯಲ್ಲ. ಕಾಂಕ್ರೀಟು ಕಟ್ಟಡ, ಇಲ್ಲವೇ ಗಾಜು ಏರಿಸಿದ ಕಾರು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ. ಏಪ್ರಿಲ್, ಮೇ, ಅಕ್ಟೋಬರ್ ಸಂಜೆಗಳಲ್ಲಿ ಕೊನೆಯ ಆಟ ಮೂರೂವರೆಗೇ ಶುರುಮಾಡಿ ಬೇಗ ಮುಗಿಸಿ ಎನ್ನುವುದು ಇದಕ್ಕೇ.

‘ಏನಾದರೂ ಆದರೆ ನಾವು ಜವಾಬ್ದಾರರಲ್ಲ’ ಅಂತ ಸಹಿ ಹಾಕಿಸ್ಕೊಳ್ತಾರೆ. ಹಾಕಿದ್ರೆ ಮುಗಿಯಿತಾ?

ಮುಗಿಯುವುದಿಲ್ಲ. ಆಟದ ಸಹಜ ಅಪಾಯ ನಿಮಗೆ ತಿಳಿದಿದೆ ಎಂಬುದಕ್ಕೆ ಆ ಸಹಿ. ತುಕ್ಕು ಹಿಡಿದ ಕೊಂಡಿ ಕೊಟ್ಟದ್ದು ಸಹಜ ಅಪಾಯವಲ್ಲ, ಅಲಕ್ಷ್ಯ. ದುಡ್ಡು ಕೊಟ್ಟು ಪಡೆದ ಸೇವೆಯಾದ್ದರಿಂದ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡುವವರು ತಾವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, ಅಂದರೆ ಮೈಸೂರಿನವರು ಕಾಸರಗೋಡಿಗೆ ಅಲೆಯಬೇಕಾಗಿಲ್ಲ. ಸಲಹೆಗೆ 1915 ಸಹಾಯವಾಣಿ ಇದೆ. ರಸೀದಿ ಬಿಸಾಡಬೇಡಿ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಇದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಹೇಳಿಸಿಕೊಳ್ಳಿ, ಕೇಳುವುದಕ್ಕೆ ನಾಚಿಕೆ ಯಾಕೆ?

ಇಷ್ಟೆಲ್ಲ ಯಾಕೆ, ನಮ್ಮ ತೋಟದಲ್ಲೇ ಮಕ್ಕಳಿಗೆ ಕಟ್ಟಿಕೊಟ್ಟರೆ ಆಗದಾ?

ಜಿಪ್‌ಲೈನು ಬೇಡವೇ ಬೇಡ. ಅದು ಊಹೆಯ ಮೇಲೆ ಕಟ್ಟುವ ವಸ್ತುವಲ್ಲ. ಮಿಕ್ಕದ್ದು ಧಾರಾಳ ಮಾಡಬಹುದು. ಮೊಣಕಾಲಿನ ಎತ್ತರದಲ್ಲಿ ಅಗಲದ ಪಟ್ಟಿ ಬಿಗಿದು ಅದರ ಮೇಲೆ ನಡೆಯುವುದು, ಅದರ ಮೇಲೆ ಕೈ ಹಿಡಿಯಲು ಇನ್ನೊಂದು ಹಗ್ಗ, ಒಂದು ಹಗ್ಗದ ಏಣಿ, ಲಾರಿ ಟಯರಿನ ಉಯ್ಯಾಲೆ. ನಮ್ಮ ಮನೆಯಲ್ಲಿ ಕಟ್ಟಿದ್ದು ಇಷ್ಟೇ, ನಾಲ್ಕು ವರ್ಷದಿಂದ ಓಣಿಯ ಮಕ್ಕಳೆಲ್ಲ ಅಲ್ಲೇ.

ಮರ ನೋಡಿ ಆರಿಸಿ. ಹಲಸು, ಹುಣಸೆ, ಗಟ್ಟಿ ಮಾವು ಆಗಬಹುದು. ಅಡಿಕೆ ಮರ ಬೇಡ, ಭಾರಕ್ಕೆ ಬಾಗಿ ಹಗ್ಗ ಸಡಿಲಾಗುತ್ತದೆ. ನುಗ್ಗೆ, ಮುರುಂಗೆ ಯಾವ ಹೆಸರಿನಲ್ಲಿ ಕರೆದರೂ ಅದೇ ಮರ, ಹಸಿ ಸೌತೆಕಾಯಿಯ ಹಾಗೆ ಮುರಿಯುತ್ತದೆ. ಗೇರುಮರದ ಕೊಂಬೆಯನ್ನೂ ನಂಬಬೇಡಿ. ಹಗ್ಗ ತೊಗಟೆಗೆ ನೇರ ತಾಗದಂತೆ ನಡುವೆ ಗೋಣಿ ಸುತ್ತಿ, ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ಮರಕ್ಕೆ ಗಾಯವಾಗುತ್ತದೆ. ಕೆಳಗೆ ಮುರಕಲ್ಲಿದ್ದರೆ ಒಂದು ಗೇಣು ದಪ್ಪ ಹೊಯಿಗೆಯೋ (ಮರಳೋ) ತರಗೆಲೆಯೋ ಹಾಕಿ, ತರಗೆಲೆಯಾದರೆ ವಾರಕ್ಕೊಮ್ಮೆ ಕೋಲಿನಲ್ಲಿ ಕೆದಕಿ ನೋಡಿದ ಮೇಲೆಯೇ ಮಕ್ಕಳನ್ನು ಬಿಡುವುದು. ಎಲ್ಲ ಕಟ್ಟಿ ಮುಗಿಸಿ ಒಂದು ಸಲ ತಲೆ ಎತ್ತಿ ನೋಡಿ. ನೆಟ್ಟಗೆ ಮೇಲೆ ತೆಂಗಿನ ಗೊನೆ ಇದ್ದರೆ ಇನ್ನೊಂದು ಮರ ಹುಡುಕಿ.